ಬಾನ್‌ಸಾಯ್ ಕ್ಲಬ್ಬಿನ ಕಮಲಾಪುರ ಅಭಿಮಾನಿ ಸಂಘ

ಕಲಬುರಗಿಯ ಬ್ರಹ್ಮಪುರದ ಸುಧಾಕರ ಕಮಲಾಪುರದ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಬೌದ್ಧ ಯಾತ್ರೆಗೆಂದು ಥಾಯ್ಲೆಂಡಿಗೆ ಹೋದವನು ಅಲ್ಲಿ ಬಾನ್‌ಸಾಯ್ ಎಂಬ ಊರಿನ ಕ್ಲಬ್ಬಿನ ಫುಟ್‌ಬಾಲ್ ಪಂದ್ಯ ನೋಡಿದ. ಮಳೆಯಲ್ಲಿ ನಡುಗುತ್ತಿದ್ದ ಅವನಿಗೆ ಪಕ್ಕದ ಮುದುಕಿಯೊಬ್ಬಳು ಕ್ಲಬ್ಬಿನ ಹಳದಿ ಶಾಲು ಹೊದಿಸಿದಳು. ಅಂದಿನಿಂದ ಅವನು ಆ ಕ್ಲಬ್ಬಿನವನಾದ.

ಊರಿಗೆ ಬಂದು ಕತೆ ಹೇಳಿದ್ದೇ ತಡ, ಬಾಳೆಹಣ್ಣಿನ ವ್ಯಾಪಾರಿ ಕರೀಂಸಾಬರು ಕಮಲಾಪುರದಲ್ಲಿ ಅಭಿಮಾನಿ ಸಂಘ ಕಟ್ಟಿ ತಾವೇ ಅಧ್ಯಕ್ಷರಾದರು. ಉಪಾಧ್ಯಕ್ಷರು ನಾಲ್ವರು. ಬಸ್‌ಸ್ಟ್ಯಾಂಡಿನೆದುರು ಎದ್ದ ಫ್ಲೆಕ್ಸಿನಲ್ಲಿ ಎಲ್ಲರ ಮುಖವೂ ಇತ್ತು. ಆಟಗಾರರಿಗೆ ಮಾತ್ರ ಜಾಗ ಸಾಲಲಿಲ್ಲ.

ಮೊದಲ ವರ್ಷ ಕ್ಲಬ್ಬು ಲೀಗಿನ ಹದಿನಾರು ತಂಡಗಳಲ್ಲಿ ಹನ್ನೆರಡನೆಯದಾಯಿತು. ಸಂಘ ಕರೀಂಸಾಬರಿಗೆ ಹಾರ ಹಾಕಿ ಸನ್ಮಾನಿಸಿತು. ಮರುವರ್ಷ ಕಟ್ಟಕಡೆಗೆ ಬಿದ್ದು ಎರಡನೇ ದರ್ಜೆಗೆ ಇಳಿಯಿತು. ತರಬೇತುದಾರ ರಾಜೀನಾಮೆ ಕೊಡಬೇಕೆಂದು ಸಂಘ ಕನ್ನಡದಲ್ಲಿ ಠರಾವು ಮಾಡಿ ಅಂಚೆಗೆ ಹಾಕಿತು. ಕಾಗದ ಕಲಬುರಗಿ ದಾಟುವ ಮೊದಲೇ ಕ್ಲಬ್ಬು ಅವನನ್ನು ತೆಗೆದುಹಾಕಿತು.

"ನೋಡ್ರಿ ನಮ್ಮ ಪವರ್!" ಎಂದು ಕರೀಂಸಾಬರು ಬೀಗಿದರು.

ಹೊಸ ತರಬೇತುದಾರನ ಕೈಯಲ್ಲಿ ಕ್ಲಬ್ಬು ಮೂರನೇ ದರ್ಜೆಗೆ ಇಳಿಯಿತು. ಆ ಬಗ್ಗೆ ಸಂಘ ಸಭೆಯನ್ನೇ ಕರೆಯಲಿಲ್ಲ.

ನಾಲ್ಕನೇ ವರ್ಷ, ಲೀಗ್ ಮುಗಿದೊಡನೆ ಕ್ಲಬ್ಬು ಮುಚ್ಚುತ್ತದೆಂಬ ಸುದ್ದಿ ಬಂತು. ಸುಧಾಕರ ಕಂಗಾಲಾಗಿ ಕರೀಂಸಾಬರ ಅಂಗಡಿಗೆ ಓಡಿದ.

"ಕ್ಲಬ್ ಹೋದ್ರ ಹೋಗ್ಲಿ ಬಿಡ್ರಿ ಮಾಸ್ತರ್, ಸಂಘ ಅದ ಅಲಾ? ರವಿವಾರ ಸಂಜೀಕ ಎಲೆಕ್ಷನ್ ಇಟ್ಟೀವಿ. ನೀವೂ ನಿಲ್ರಿ."

"ಅವತ್ತು ಕಡೀ ಮ್ಯಾಚ್ ಅದರೀ!"

"ಯಾರ್ದು?" ಎಂದರು ಕರೀಂಸಾಬರು.

ಸುಧಾಕರ ಅಧ್ಯಕ್ಷಗಿರಿಗೆ ನಿಂತೇ ನಿಂತ. ರವಿವಾರ ಮತ ಎಣಿಕೆಯ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಮೊಬೈಲ್ ಹಿಡಿದು ಪಂದ್ಯ ನೋಡುತ್ತಿದ್ದ. ಇನ್ನೊಂದು ನಿಮಿಷ ಇದೆಯೆನ್ನುವಾಗ ಬಾನ್‌ಸಾಯ್ ಗೆಲುವಿನ ಗೋಲು ಹೊಡೆಯಿತು. ಸುಧಾಕರ ಬೆಂಚು ಹತ್ತಿ ಅರಚಿದ.

"ಏನ್ರೀ ಗದ್ಲ? ಇಲ್ಲಿ ಎಣಿಕಿ ನಡದದ! ಹೊರಗ ನಡೀರಿ," ಎಂದು ಚುನಾವಣೆ ನಡೆಸುತ್ತಿದ್ದ ಸಾಯಬಣ್ಣ ಗದರಿದ.

ಸುಧಾಕರ ಹೊರಗಿನ ಮೆಟ್ಟಿಲ ಮೇಲೆ ಕೂತ. ಮೊಬೈಲಿನಲ್ಲಿ ಆಟಗಾರರು ಕೈಕೈ ಹಿಡಿದು ಮೈದಾನ ಸುತ್ತಿದರು. ಅವನ ಕಣ್ಣು ತುಂಬಿ ಬಂತು. ಒಳಗೆ ಜೈಕಾರ ಎದ್ದಿತು: ಕರೀಂಸಾಬರು ನಲವತ್ತೊಂದು ಮತಗಳಿಂದ ಗೆದ್ದಿದ್ದರು.

ಅಷ್ಟರಲ್ಲಿ ಹೆಂಡತಿ ಸುಜಾತಾ ಫೋನ್ ಮಾಡಿದಳು. "ಏನಾಯ್ತ್ರೀ?"

"ಗೆದ್ವಿ," ಎಂದ ಸುಧಾಕರ.

ಅವನು ಬ್ರಹ್ಮಪುರ ಮುಟ್ಟುವಷ್ಟರಲ್ಲಿ ಸುಜಾತಾ ತಾನೀಗ ಅಧ್ಯಕ್ಷರ ಹೆಂಡತಿಯೆಂದು ಓಣಿಗೆಲ್ಲ ಸಕ್ಕರೆ ಹಂಚಿ ಮುಗಿಸಿದ್ದಳು.