ನಾಯಿಯ ಪಾಲಿನ ಕೊಸರು

ಸತ್ತವನ ತಮ್ಮ ಕುರಿಯ ಎದೆಗೂಡಿನೊಳಕ್ಕೆ ಕೈ ಹಾಕಿ ಪುಪ್ಪುಸವನ್ನು ಕಿತ್ತು ತೆಗೆದ. ಅದರ ಮೇಲೆಲ್ಲ ನೀರು ತುಂಬಿದ ಬಿಳಿ ಗುಳ್ಳೆಗಳು. ಅಣ್ಣನನ್ನು ಮಣ್ಣು ಮಾಡಿ ಬಂದು ಇನ್ನೂ ಕಾಲಿನ ಕೆಸರು ಆರಿರಲಿಲ್ಲ. ಆದರೂ ದೂರದಿಂದ ಬಂದವರ ಹೊಟ್ಟೆ ಕೇಳಬೇಕಲ್ಲ.

“ಕೆಂಚಾ, ಬಾರೋ. ನಿಮ್ಮಪ್ಪ ಹೋದ್ರೂ ನಿನ್ ಕೊಸರು ತಪ್ಪಲ್ಲ,” ಎಂದು ನಾಯಿಯನ್ನು ಕರೆದ.

ಸತ್ತವನನ್ನು ಅವನ ಮಾಂಸದಂಗಡಿಯ ಗಿರಾಕಿಗಳೆಲ್ಲ ಕೊಸರಣ್ಣ ಎನ್ನುತ್ತಿದ್ದರು. ತೂಕ ಸರಿಹೋದ ಮೇಲೂ ಒಂದು ತುಂಡು ಮೇಲೆ ಹಾಕದಿದ್ದರೆ ಅವನ ಕೈಗೆ ಸಮಾಧಾನವಿಲ್ಲ. ಗುಳ್ಳೆ ಬಿದ್ದ ಪುಪ್ಪುಸವನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಅದು ನಾಯಿಯ ಕೊಸರು. ಅಂಗಡಿ ತೆರೆದಂದಿನಿಂದ ಎಷ್ಟೋ ನಾಯಿ ಬದಲಾದವು, ಈ ಪದ್ಧತಿ ಬದಲಾಗಲಿಲ್ಲ.

“ಈ ಮೂಕಪ್ರಾಣಿಗಿರೋ ಸಂಕಟ ನಮಗಿಲ್ಲ ನೋಡಿ,” ಎಂದ ಪಕ್ಕದ ಮನೆಯ ದರ್ಜಿ. “ಗುಂಡಿ ಹತ್ರದಿಂದ ಎಳ್ಕೊಂಡ್ ಬರ್ಬೇಕಾಯ್ತು.”

“ಹಾಕ್ಬೇಡ!” ಹಿತ್ತಲ ಬಾಗಿಲಲ್ಲಿ ಕೊಸರಣ್ಣನ ಹೆಂಡತಿ ನಿಂತಿದ್ದಳು.

*

ಕೆಲವು ವಾರಗಳ ಹಿಂದೆ ಅಂಗಡಿಯಲ್ಲಿ ಕುರಿಯನ್ನು ಕೊಕ್ಕೆಗೆ ನೇತುಹಾಕುವಾಗ ಎದೆಯೊಳಗೆ ಏನೋ ಒಡೆದಂತಾಗಿ ಕೊಸರಣ್ಣ ಕುಸಿದು ಕೂತಿದ್ದ. ಕೆಮ್ಮಿದರೆ ಬಾಯಿ ತುಂಬ ಉಪ್ಪುನೀರು, ಅದರಲ್ಲಿ ದ್ರಾಕ್ಷಿ ಸಿಪ್ಪೆಯಂಥ ಚೂರುಗಳು. ಕುರಿಯ ಪುಪ್ಪುಸದಲ್ಲಿರುವಂಥದೇ ಗುಳ್ಳೆ ಅವನ ಶ್ವಾಸಕೋಶದಲ್ಲಿ ಒಡೆದು, ಸುತ್ತಲಿನ ಪೊರೆಯೊಳಗೆ ನೀರು, ಗಾಳಿ, ಆಮೇಲೆ ಕೀವು. ಆಸ್ಪತ್ರೆಯಲ್ಲಿ ಪಕ್ಕೆಗೆ ನಳಿಕೆ ಇಳಿಸಿದರು. ಸೀಸೆ ತುಂಬುತ್ತಲೇ ಇತ್ತು, ಅವನು ಬತ್ತುತ್ತಲೇ ಇದ್ದ.

ಡಾಕ್ಟರು ಅವಳನ್ನು ಹೊರಗೆ ಕರೆದರು. “ಮನೇಲಿ ನಾಯಿ ಇದೆಯೇನಮ್ಮ? ಗುಳ್ಳೆ ಇರೋ ಪುಪ್ಪುಸ ಹಸೀದೇ ತಿಂದ್ರೆ ನಾಯಿ ಹೊಟ್ಟೇಲಿ ಹುಳ ಆಗುತ್ತೆ. ಅದರ ಮೊಟ್ಟೆ ನಾಯಿ ಕೂದಲಿಗೆ ಅಂಟಿ, ಸವರಿದವರ ಕೈಗೆ, ಕೈಯಿಂದ ಬಾಯಿಗೆ ಹೋಗಿ, ಎದೇಲಿ ಇಂಥ ಗುಳ್ಳೆ ಆಗುತ್ತೆ. ಇನ್ಮೇಲೆ ಚೆನ್ನಾಗಿ ಬೇಯಿಸದೆ ಹಾಕ್ಬೇಡಿ. ನಾಯಿಗೂ ಔಷಧಿ ಕೊಡಿಸಿ.”

ಒಳಗೆ ಬಂದರೆ ಅವನು ಕಣ್ಣು ತೆರೆದ. “ಏನಂದ್ರು?”

“ವಾಸಿ ಆಗುತ್ತಂತೆ.”

“ಸುಳ್ಳು ಹೇಳಕ್ಕೂ ಬರಲ್ಲ ನಿಂಗೆ,” ನಕ್ಕ. “ಕೆಂಚನ ಕೊಸರು ಮಾತ್ರ ತಪ್ಪಿಸ್ಬೇಡ ಕಣೆ.”

ಪ್ರೀತಿಯಿಂದ ಹಾಕಿದ್ದೇ ತಿರುಗಿ ಬಂದು ಅವನನ್ನು ತಿನ್ನುತ್ತಿದೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಹೂಂ ಎಂದಳು.

*

“ಏನತ್ತಿಗೆ, ಇವತ್ತೇ ನಾಯಿ ಹೊಟ್ಟೆ ಮೇಲೆ ಹೊಡೀತೀರಾ? ಅಣ್ಣ ಇದ್ದಿದ್ರೆ...”

“ಇದ್ದಿದ್ರೆ ನಾನು ಬಾಯಿ ಬಿಡ್ತಿರ್ಲಿಲ್ಲ. ನಿಮ್ಮಣ್ಣನ್ನ ತಿಂದಿದ್ದು ಈ ಗುಳ್ಳೆನೇ.”

“ದುಃಖಕ್ಕೆ ತಲೆ ಕೆಟ್ಟಿದೆ, ಪಾಪ,” ದರ್ಜಿ ಗೊಣಗಿದ. ಮೈದುನ ಮಾತ್ರ ತನ್ನ ಕೈಗಳನ್ನೇ ನೋಡಿಕೊಂಡ.

ಅವಳು ಪುಪ್ಪುಸವನ್ನು ಪಾತ್ರೆಗೆ ಹಾಕಿ ಒಲೆಯ ಮುಂದೆ ಕೂತಳು. ನೀರು ಕುದಿದಂತೆಲ್ಲ ಅದು ತೇಲಿ ತೇಲಿ ಮೇಲೆ ಬರುತ್ತಿತ್ತು. ಅವಳು ಸೌಟಿನಿಂದ ಮತ್ತೆ ಮತ್ತೆ ಒಳಕ್ಕೆ ಒತ್ತುತ್ತಿದ್ದಳು. ಬಂದವರೆಲ್ಲ ಉಂಡು ಹೋಗುವ ತನಕ ಬೇಯಿಸಿದಳು.

ಆರಿಸಿ ಮುಂದಿಟ್ಟಾಗ ಕೆಂಚ ಮೂಸಿ ನೋಡಿತು, ಮುಟ್ಟಲಿಲ್ಲ. ದಿನಾ ಕೊಸರಣ್ಣನ ಹತ್ತಿರ ಹೋಗುತ್ತಿದ್ದ ಹಾಗೆಯೇ ಅವಳ ಹತ್ತಿರ ಬಂದು, ಅಂಗೈಯ ಕೆಳಗೆ ತಲೆ ತೂರಿಸಲು ನೋಡಿತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು ಅಲ್ಲೇ ಕೂತಿದ್ದಳು.