ಮುನ್ನೂರ ಹನ್ನೆರಡು ಮುಡಿ ಬಡಿದ ಕೊಡತಿ

ನಾನೊಂದು ಕೊಡತಿ. ಹುಣಸೆ ಮರದ ಗಟ್ಟಿ ಬೊಡ್ಡೆಯಿಂದ ಬಸ್ರೂರಿನ ಆಚಾರಿಯೊಬ್ಬ ನನ್ನನ್ನು ಕೆತ್ತಿ, ಹಿಡಿ ಸೇರಿಸಿದ. ಬೇರೆ ಕೊಡತಿಗಳು ಗೂಟ ಹೊಡೆಯುತ್ತವೆ, ಉಳಿಯ ತಲೆ ಕುಟ್ಟುತ್ತವೆ. ನನ್ನ ಕೆಲಸ ಅಕ್ಕಿಮುಡಿ ಬಡಿಯುವುದು. ಒಣಹುಲ್ಲು ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲನ್ನು ಮೇಲೆತ್ತಿ ಹುಲ್ಲಿನದೇ ಹಗ್ಗದಿಂದ ಸುತ್ತುತ್ತಾರೆ. ಒಂದೊಂದು ಸುತ್ತಿಗೂ ನನ್ನಿಂದ ನಾಲ್ಕು ಏಟು. ಆಗ ಮುಡಿ ಉರುಟಾಗಿ ಕಲ್ಲಿನಂತೆ ಬಿಗಿಯುತ್ತದೆ, ಕಡಲಿನ ಗಾಳಿ ತಾಗಿದರೂ ಒಳಗಿನ ಅಕ್ಕಿ ಕೆಡುವುದಿಲ್ಲ. ಜನ ಹೊಗಳುವುದು ಕಟ್ಟಿದವನನ್ನು. ಬಡಿದವನು ನಾನು. ಇರಲಿ.

ನನ್ನನ್ನು ಕೊಂಡವನು ಸೂರ ಮರಕಾಲ. ಗಿಡ್ಡ ಆಳು, ಮಾತು ಕಡಿಮೆ, ಹಠ ಬೇಕಾದಷ್ಟು. ಒಂದು ಸುತ್ತು ಸಡಿಲವಾದರೆ ಇಡೀ ಮುಡಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ನನ್ನ ತಲೆ ಸವೆದದ್ದು ಹೀಗೆಯೇ.

ಆ ಕಾಲದಲ್ಲಿ ಕಡಲಿಗೂ ಯಜಮಾನರಿದ್ದರು. ಪರಂಗಿಯವರ ಚೀಟಿ ಇಲ್ಲದೆ ಹಡಗು ಹೊರಡುವಂತಿರಲಿಲ್ಲ. ಚೀಟಿಯಲ್ಲಿ ಬರೆದ ಸರಕನ್ನಷ್ಟೇ ಒಯ್ಯಬೇಕು. ಕಾಳುಮೆಣಸಿನ ವ್ಯಾಪಾರ ಅವರಿಗೇ ಮೀಸಲು, ಅದು ಸಿಕ್ಕರೆ ಹಡಗು, ಸರಕು ಎರಡೂ ಮುಟ್ಟುಗೋಲು. ಕಡಲು ಯಾರಪ್ಪನ ಆಸ್ತಿ ಎಂದು ಕೇಳುವಷ್ಟು ಫಿರಂಗಿಗಳು ನಮ್ಮ ಬಳಿ ಇರಲಿಲ್ಲ.

ಒಂದು ವರ್ಷ ಮಳೆಗಾಲ ಮುಗಿದ ಮೇಲೆ ದೇವ ತಾಂಡೇಲನ ಹಡಗು ಅಕ್ಕಿ ಹೇರಿಕೊಂಡು ಮಸ್ಕತ್ತಿಗೆ ಹೊರಟಿತು. ತಾಂಡೇಲನೆಂದರೆ ಹಡಗು ನಡೆಸುವವನು. ದೇವನಿಗೆ ಇದ್ದದ್ದು ಅದೊಂದೇ ಹಡಗು. ದಾರಿಯಲ್ಲಿ ಸಡಿಲವಾದ ಮುಡಿಗಳನ್ನು ಬಿಗಿಯಲು ಸೂರನೂ ಹತ್ತಿದ, ಅವನ ಸೊಂಟದಲ್ಲಿ ನಾನು.

ಮೂರನೆಯ ದಿನ ಪರಂಗಿಯವರ ಕಾವಲು ಹಡಗು ಅಡ್ಡ ಬಂತು. ಸಿಪಾಯಿಯೊಬ್ಬ ಭರ್ಜಿಯಿಂದ ಒಂದು ಮುಡಿಯನ್ನು ತಿವಿದ. ಅಕ್ಕಿಯ ಜೊತೆ ಕಪ್ಪು ಕಾಳುಗಳು ಹಲಗೆಯ ಮೇಲೆ ಉರುಳಿದವು. ಅದು ಹಡಗಿನವರ ಊಟದ ಮುಡಿ. ಹುಳ ಹಿಡಿಯದಿರಲಿ ಎಂದು, ಮನೆಯಲ್ಲಿ ಮಾಡುವ ಹಾಗೆಯೇ, ಸೂರ ಅದರಲ್ಲಿ ಎರಡು ಮುಷ್ಟಿ ಮೆಣಸು ಬೆರೆಸಿದ್ದ.

ಹಡಗನ್ನು ಅವರ ಕೋಟೆಗೆ ಎಳೆದೊಯ್ದರು. ಕೋಟೆಯ ಕಪ್ತಾನನ ಎದುರು ಎಲ್ಲರನ್ನೂ ನಿಲ್ಲಿಸಿದಾಗ ಸೂರ ಮುಂದೆ ಬಂದ.

"ಒಡೆಯಾ, ಹಾಕದ್ ನಾನೇ. ಆ ಒಂದ್ ಮುಡಿಗ್ ಮಾತ್ರ. ಬೇರೆದ್ರಂಗ್ ಒಂದ್ ಕಾಳೂ ಇಲ್ಲೆ. ಅಷ್ಟೂ ಮುಡಿ ಬಿಚ್ಚಿ ಕಾಣಿ, ಮತ್ತೆ ನಾನೇ ಕಟ್ತೆ."

"ನಿಂಗ್ ಮರ್ಲಾ ಸೂರ?" ದೇವ ತಾಂಡೇಲ ಅವನ ರಟ್ಟೆ ಹಿಡಿದ. "ಬಿಚ್ಚಿರೆ ಅಕ್ಕಿಯೆಲ್ಲ ಇಲ್ಲೇ ಚೆಲ್ಲಿ ಹೋತ್ತಲೆ!"

"ಕಟ್ಟದ್ ಯಾರ್ ತಾಂಡೇಲ್ರೆ? ನಾನಲ್ದಾ?"

ದುಭಾಷಿ ಅದನ್ನು ಕಪ್ತಾನನಿಗೆ ತಿಳಿಸಿದ. ಕಪ್ತಾನ ನಕ್ಕ. ದುಭಾಷಿ ನಗಲಿಲ್ಲ. "ಹತ್ತು ದಿನ ಕೊಡ್ತಾರಂತೆ. ಕಟ್ಟಿದ್ದು ನಿಮ್ಮದು, ಕಟ್ಟದೆ ಉಳಿದದ್ದು ಕೋಟೆಯದು. ಇನ್ನೊಂದು ಮೆಣಸು ಸಿಕ್ಕರೆ ಹಡಗೇ ಕೋಟೆಯದು."

ಮುನ್ನೂರ ಹನ್ನೆರಡು ಮುಡಿ! ಸಿಪಾಯಿಗಳು ಬಿಚ್ಚಿ ಜರಡಿ ಹಿಡಿದರು, ಸೂರ ಕಟ್ಟಿದ, ನಾನು ಬಡಿದೆ. ಹಳೆಯ ಹುಲ್ಲು ಪುಡಿಯಾಗಿ ಉದುರಿತು. ತಾಂಡೇಲ ಸುತ್ತಲಿನ ಹಳ್ಳಿಗಳಿಗೆ ಹೋಗಿ, ಕೈಮುಗಿದು, ಹೊಸ ಹುಲ್ಲು ಹೊತ್ತು ತಂದ. ಐದನೆಯ ದಿನ ಸೂರನ ಬೆರಳುಗಳು ಒಡೆದು ಹಗ್ಗ ಕೆಂಪಾಯಿತು. ಎಂಟನೆಯ ದಿನ ನನ್ನ ಹಿಡಿ ಮುರಿಯಿತು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅವನು ನನ್ನ ತಲೆಯನ್ನೇ ಎರಡೂ ಕೈಯಲ್ಲಿ ಹಿಡಿದು ಬಡಿದ. ಅಷ್ಟು ನೋವಿನಲ್ಲೂ ಒಂದೇ ಒಂದು ಸುತ್ತಿಗೂ ಮೂರೇ ಏಟು ಹಾಕಿ ಮೋಸ ಮಾಡಲಿಲ್ಲ. ಅವನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆಗ.

ಹತ್ತನೆಯ ದಿನ ಇಳಿಹೊತ್ತಿಗೆ ಕೊನೆಯ ಮುಡಿ ಎದ್ದು ನಿಂತಿತು. ಇನ್ನೊಂದು ಕಾಳೂ ಸಿಕ್ಕಿರಲಿಲ್ಲ.

ಕಪ್ತಾನ ಮಾತಿಗೆ ತಪ್ಪಲಿಲ್ಲ. ಆದರೆ ಆ ಹತ್ತು ದಿನವೂ ಅವನ ಕಣ್ಣು ಸೂರನ ಕೈಮೇಲೆಯೇ ಇತ್ತು. ಕೋಟೆಯ ಉಗ್ರಾಣದಲ್ಲಿ ಬೇರೆ ಬೇರೆ ಹಡಗುಗಳಿಂದ ಕಿತ್ತುಕೊಂಡ ಅಕ್ಕಿ ಗೋಣಿಗಳಲ್ಲಿ ಮುಗ್ಗುತ್ತಿತ್ತು. ದುಭಾಷಿ ಹೇಳಿದ, "ಹಡಗು ಹೋಗಲಿ. ಮೆಣಸು ಹಾಕಿದವನಿಗೆ ಶಿಕ್ಷೆ ಬೇಕಲ್ಲ? ಇವನು ಒಂದು ವರ್ಷ ಇಲ್ಲಿದ್ದು ಕೋಟೆಯ ಅಕ್ಕಿಗೆ ಮುಡಿ ಕಟ್ಟಲಿ, ಆಮೇಲೆ ಬಿಡ್ತಾರೆ."

ಸೂರ ಉಗ್ರಾಣದೊಳಗೆ ಹೋಗಿ ನೋಡಿದ. ಗೋಣಿಗಳ ಮೇಲೆ ಯಾರು ಯಾರೋ ವ್ಯಾಪಾರಿಗಳ ಗುರುತುಗಳು ಇನ್ನೂ ಅಳಿದಿರಲಿಲ್ಲ. ಅವನು ಹಡಗು ನಿಲ್ಲುವ ದಕ್ಕೆಗೆ ಬಂದು, ಹೊರಟ ಹಡಗಿನೊಳಕ್ಕೆ ನನ್ನನ್ನು ಎಸೆದ.

"ತಾಂಡೇಲ್ರೆ, ಇದನ್ ನಮ್ಮನೆಗ್ ಕೊಡಿ. ನಿಲ್ಲುಕ್ ಒಪ್ಕಂಡೆ. ಕಸ್ಕಂಡ್ ಅಕ್ಕಿಗೆ ಮುಡಿ ಕಟ್ಟುಕ್ ಒಪ್ಲಿಲ್ಲೆ."

ದೇವ ತಾಂಡೇಲ ನನ್ನನ್ನು ಎದೆಗೆ ಒತ್ತಿ ಹಿಡಿದು ಗಳಗಳ ಅತ್ತ.

ಮುಂದಿನ ವರ್ಷ ಅವನೇ ಸುದ್ದಿ ತಂದ. ಸೂರ ಕೋಟೆಯಲ್ಲಿ ಕಲ್ಲು ಹೊರುತ್ತಿದ್ದಾನೆ, ಮುಡಿ ಕಟ್ಟುವವರೆಗೆ ಬಿಡುವುದಿಲ್ಲವಂತೆ. ಆಮೇಲೆ ನಮ್ಮವರನ್ನು ಕೋಟೆಯೊಳಗೆ ಬಿಡಲಿಲ್ಲ. ಹೊರಗಿನವರಿಗೆ ಕಾಣುವುದು ದಕ್ಕೆಯಲ್ಲಿ ಮಾರಾಟಕ್ಕಿಟ್ಟ ಕೋಟೆಯ ಅಕ್ಕಿ ಮಾತ್ರ.

ನಾನೀಗ ಸೂರನ ಹೆಂಡತಿ ಚಿಕ್ಕುವಿನ ಜಗಲಿಯ ಮೂಲೆಯಲ್ಲಿದ್ದೇನೆ. ಹೊಸ ಹಿಡಿ ಹಾಕಿಸಿದ್ದಾಳೆ. ಸುಗ್ಗಿಯಲ್ಲಿ ಅವಳೇ ಮುಡಿ ಕಟ್ಟುತ್ತಾಳೆ, ಒಂದೊಂದು ಸುತ್ತಿಗೂ ನಾಲ್ಕು ಏಟು. ತಲೆ ಬಿರುಕು ಬಿಟ್ಟಿದೆ, ಇನ್ನೆಷ್ಟು ಸುಗ್ಗಿಯೋ. ಆ ಕಡೆಯಿಂದ ಹಡಗು ಬಂದಾಗಲೆಲ್ಲ ಅವಳು ಹೊಳೆಬದಿಗೆ ಓಡುತ್ತಾಳೆ. ಗಂಡ ಹೇಗಿದ್ದಾನೆಂದು ಕೇಳುವುದಿಲ್ಲ, ಕೇಳಿದರೂ ಹೇಳಬಲ್ಲವರಿಲ್ಲ. ಕೇಳುವುದು ಕೋಟೆಯ ಅಕ್ಕಿಯ ಸುದ್ದಿ ಮಾತ್ರ.

"ಕ್ವಾಟಿ ಅಕ್ಕಿ ಎಂತದ್ರಂಗ್ ಇದ್ದಿತ್? ಮುಡ್ಯಂಗಾ, ಗೋಣ್ಯಂಗಾ?"

ಏಳು ವರ್ಷವಾಯಿತು. ಈ ಸಲವೂ ಗೋಣಿ ಎಂದರು. ಸತ್ತವನೂ ಮುಡಿ ಕಟ್ಟುವುದಿಲ್ಲ, ಅದು ಅವಳಿಗೆ ತಿಳಿಯದ್ದಲ್ಲ. ಜಗಲಿಗೆ ಬಂದು ಕೂತು, ನನ್ನನ್ನು ಮಡಿಲಿಗೆ ಎಳೆದುಕೊಂಡು, ಯಾರೋ ವಾದಕ್ಕೆ ನಿಂತಿದ್ದಾರೋ ಎಂಬಂತೆ ಗಟ್ಟಿಯಾಗಿ ಹೇಳಿದಳು:

"ಕಟ್ಲಿಲ್ಲೆ. ಹಾಂಗಾರೆ ಜೀವದಂಗ್ ಇದ್ರ್."