ಜೇನಿನ ಬಣ್ಣದ ಆಯಿಲ್

ಗಾಡಿಯ ಹೊಟ್ಟೆಯೊಳಗೆ ಏನೇನಿದೆಯೆಂದು ಸರಿಯಾಗಿ ತಿಳಿಯದವರು ಗಾಡಿಯ ಕಥೆ ಹೇಳಲು ಹೊರಡುವುದು ಅಧಿಕಪ್ರಸಂಗವೇ ಸರಿ. ತಿಳಿದವರು ಅಲ್ಲಲ್ಲಿ ನಕ್ಕಾರು. ಅವರಲ್ಲಿ ಮೊದಲೇ ಕ್ಷಮೆ ಕೇಳಿ ಶುರುಮಾಡುವುದು ವಾಸಿ. ಈ ಕಥೆಯ ಹೆಂಗಸಿನ ತಿಳುವಳಿಕೆಯೂ ಇದಕ್ಕಿಂತ ಹೆಚ್ಚಿನದೇನಲ್ಲ ಎಂಬುದೊಂದೇ ಧೈರ್ಯ.

ಅವಳಿಗೆ ಲಾಂಡ್ರಿಯಲ್ಲಿ ಕೆಲಸ. ಮನೆಯಲ್ಲಿ ತಂಗಿಗೆ ಅಕ್ಕ, ಕೆಲಸದಲ್ಲೂ ಎಲ್ಲರ ಬಾಯಲ್ಲಿ ಅಕ್ಕ. ಬಾಗಿಲಿಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸ್ಸು ಬರುವ ಜೀವ. ಸೋಮವಾರ ಅಮ್ಮನ ಕಣ್ಣಿನ ಆಪರೇಷನ್ ಇತ್ತು. ಸಕ್ಕರೆ ಜಾಸ್ತಿಯೆಂದು ಅದು ಆಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು. ಆಸ್ಪತ್ರೆ ಬೆಟ್ಟದ ಆಚೆಯ ಪೇಟೆಯಲ್ಲಿ. ಮನೆಯ ಹಳೆಯ ಕಾರಿನಲ್ಲಿ ತಂಗಿ ಅಮ್ಮನನ್ನು ಕರೆದೊಯ್ಯಬೇಕು. ಕಾರಿನ ಆಯಿಲ್ ಬದಲಾಯಿಸಿ ಯಾವ ಕಾಲವಾಗಿತ್ತೋ, ಗ್ಯಾರೇಜಿನವನು ನೋಡಿದರೆ ಊರಲ್ಲಿಲ್ಲ. ಅಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಭಾನುವಾರ ಮಧ್ಯಾಹ್ನ ಫೋನಿನಲ್ಲಿ ವಿಡಿಯೊ ಹಾಕಿಕೊಂಡು, ಕೆಲಸದ ಏಪ್ರನ್ ಕಟ್ಟಿಕೊಂಡು, ಪಾನಾ ಹಿಡಿದು ತಾನೇ ಕಾರಿನ ಕೆಳಗೆ ನುಸುಳಿದಳು.

"ಮಿಕ್ಸಿ ಬ್ಲೇಡ್ ಬದಲಾಯಿಸೋಕೆ ಪಕ್ಕದ ಮನೆಯವರನ್ನ ಕರೆದೋಳು ನೀನು," ಎಂದಳು ತಂಗಿ, ಹೊರಗೆ ಕಾಣುತ್ತಿದ್ದ ಅಕ್ಕನ ಎರಡು ಪಾದಗಳಿಗೆ.

"ಅದೇ ಬೇರೆ, ಇದೇ ಬೇರೆ."

"ಹೌದು. ಮಿಕ್ಸಿ ಬೆಟ್ಟ ಹತ್ತಲ್ಲ."

ಬೋಲ್ಟ್ ಬಿಚ್ಚಿದಾಗ ಸುರಿದ ಆಯಿಲ್ ಜೇನಿನ ಬಣ್ಣದ್ದು. ಇಷ್ಟು ದಿನ ಓಡಿದ ಆಯಿಲ್ ಇಷ್ಟು ಚೊಕ್ಕವಾಗಿದೆಯಲ್ಲ, ನಮ್ಮ ಗಾಡಿ ಎಷ್ಟು ಒಳ್ಳೆಯದು ಎಂದು ಅವಳಿಗೆ ಹೆಮ್ಮೆಯೇ ಆಯಿತು. ಕೆಟ್ಟ ವಾಸನೆಯೊಂದು ಬಂತು. ಬೀದಿಯ ಮೋರಿಯದಿರಬೇಕು ಅಂದುಕೊಂಡಳು. ಬೋಲ್ಟ್ ಬಿಗಿದು, ಮೇಲಿನಿಂದ ಹೊಸ ಆಯಿಲ್ ಸುರಿದು, ಆಯಿಲ್ ಅಳೆಯುವ ಕಡ್ಡಿ ಅದ್ದಿ ನೋಡಿದರೆ ಆಯಿಲ್ ಗುರುತನ್ನು ದಾಟಿ ಎಲ್ಲೋ ಮೇಲಿತ್ತು. ಕಡಿಮೆಯಾದರೆ ತಾನೇ ಭಯ, ಜಾಸ್ತಿಯಿದ್ದರೆ ಒಳ್ಳೆಯದೇ ಎಂದು ಸಮಾಧಾನ ಮಾಡಿಕೊಂಡಳು.

ಬೆಳಗ್ಗೆ ಅಮ್ಮ ಹಿಂದಿನ ಸೀಟಿನಲ್ಲಿ ಕೂತು, "ನನ್ನ ದೊಡ್ಡ ಮಗಳು ಕೈಯಾರೆ ಸರಿಮಾಡಿದ ಗಾಡಿ. ನನಗೇನು ಭಯ?" ಎಂದು ಪಕ್ಕದ ಮನೆಯವರಿಗೂ ಕೇಳುವಂತೆ ಹೇಳಿದಳು. ಕಾರು ಹೊರಟಿತು. ಅಕ್ಕ ಕೆಲಸಕ್ಕೆ ಹೋದಳು.

ಸೋಮವಾರ ಲಾಂಡ್ರಿಗೆ ದೊಡ್ಡ ಗ್ಯಾರೇಜಿನ ಕೆಲಸಗಾರರ ಬಟ್ಟೆ ಬರುತ್ತದೆ. ಅದನ್ನು ಎರಡು ಗಂಟು ಮಾಡುವುದು ಅಲ್ಲಿಯ ಪದ್ಧತಿ. ಎಂಜಿನ್ ಕೆಲಸದವರದು ಒಂದು ಗಂಟು, ಗೇರ್ ಬಾಕ್ಸ್ ಕೆಲಸದವರದು ಇನ್ನೊಂದು. ಗೇರ್ ಆಯಿಲಿಗೆ ಕೊಳೆತ ಮೊಟ್ಟೆಯ ನಾತ. ಅದರ ಒಂದು ಅಂಗಿ ಸೇರಿದರೂ ಇಡೀ ಮಷಿನ್ ಬಟ್ಟೆ ನಾರುತ್ತದೆ. ಅಕ್ಕ ತನ್ನ ಏಪ್ರನ್ನನ್ನೂ ಸದ್ದಿಲ್ಲದೆ ಎಂಜಿನ್ ಗಂಟಿಗೆ ತುರುಕಿದಳು. ಪಕ್ಕದಲ್ಲೇ ಗಂಜಿಯಮ್ಮ ಇದ್ದಳು. ಬಟ್ಟೆಗೆ ಗಂಜಿ ಹಾಕುವವಳಾದ್ದರಿಂದ ಆ ಹೆಸರು. ಅವಳು ಏಪ್ರನ್ನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಗೇರ್ ಗಂಟಿನದನ್ನ ಇಲ್ಲಿಗೆ ಹಾಕಿದ ಪುಣ್ಯಾತ್ಮರು ಯಾರು?"

"ನಂದೇ ಅದು. ಎಂಜಿನ್ ಆಯಿಲ್‌ದೇ ಕಲೆ. ನಿನ್ನೆ ನಾನೇ ಬದಲಾಯಿಸಿದೆ."

"ನೀನು ಏನು ಬದಲಾಯಿಸಿದ್ಯೋ ತಾಯಿ, ನನಗೆ ಗೊತ್ತಿಲ್ಲ. ಇದು ಗೇರ್‌ದು. ಮೂಸು."

ಅಕ್ಕ ಮೂಸಿದಳು. ಮೋರಿಯ ವಾಸನೆ ಲಾಂಡ್ರಿಯವರೆಗೆ ಬರುವುದು ಸಾಧ್ಯವಿರಲಿಲ್ಲ. ಎಂಜಿನ್ ಗಂಟಿನಲ್ಲಿ ಕಪ್ಪಲ್ಲದ ಕಲೆಯನ್ನು ಇಷ್ಟು ವರ್ಷದಲ್ಲಿ ಒಂದು ಸಲವೂ ಉಜ್ಜಿದ್ದಿಲ್ಲ ಎಂಬುದು ಆಗ ಹೊಳೆಯಿತು. ವಿಡಿಯೊದವನು ಕಾರಿನ ಮುಂದಿನಿಂದ ತಲೆ ತೂರಿಸಿದ್ದ. ತಾನು ಪಕ್ಕದಿಂದ ನುಸುಳಿ, ಹಿಂದುಮುಂದಾಗಿ ಮಲಗಿದ್ದಳು. ಅವನ ಎಡ ತನಗೆ ಬಲ. ಬಿಚ್ಚಿದ್ದು ಪಕ್ಕದ ಬೋಲ್ಟ್. ಗೇರ್ ಬಾಕ್ಸ್ ಬರಿದಾಗಿತ್ತು. ಎಂಜಿನ್ನಿನಲ್ಲಿ ಹಳೆಯದರ ಮೇಲೆ ಹೊಸದು ತುಂಬಿತ್ತು.

ತಂಗಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಮುಟ್ಟಬಾರದೆಂದು ಅವಳಿಂದ ಆಣೆ ಮಾಡಿಸಿಕೊಂಡಿದ್ದವಳು ಅಕ್ಕನೇ. ಇಸ್ತ್ರಿ ಮೇಜಿನಿಂದ ಬಾಗಿಲಿಗೆ, ಬಾಗಿಲಿನಿಂದ ಮೇಜಿಗೆ ಓಡಾಡುತ್ತಾ ಅಮ್ಮನ ಫೋನಿಗೆ ಮಾಡಿದಳು. ಕೊನೆಗೂ ಅಮ್ಮ ಎತ್ತಿದಳು.

"ಅಮ್ಮ, ಎಲ್ಲಿದೀರಾ?"

"ಬೆಟ್ಟ ಹತ್ತಿರ ಬಂತು. ಗಾಡಿ ನೀರು ಕುಡಿದಷ್ಟು ಸಲೀಸಾಗಿ ಹೋಗ್ತಿದೆ ಕಣೇ. ನೀನು ತಿಂಡಿ ತಿಂದ್ಯಾ?"

ಓಡಾಡುತ್ತಿದ್ದ ಅಕ್ಕ ಬಾಗಿಲಲ್ಲೇ ನಿಂತಳು. ಓಡುತ್ತಿದೆಯಲ್ಲ. ಓಡಿಕೊಂಡು ಮುಟ್ಟಿಬಿಟ್ಟರೆ? ನಿಲ್ಲಿಸು ಎಂದರೆ ಆಪರೇಷನ್ ಮೂರನೆಯ ಸಲವೂ ತಪ್ಪಬಹುದು. ಸುಮ್ಮನಿದ್ದರೆ ಆಯಿಲಿಲ್ಲದ ಗೇರ್ ಬೆಟ್ಟದ ತಿರುವಿನಲ್ಲಿ ಬಿಗಿದು ನಿಂತುಬಿಡಬಹುದು.

"ತಿಂದೆ. ಅಮ್ಮ, ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸೋಕೆ ಹೇಳು. ನಾನು ತಪ್ಪು ಬೋಲ್ಟ್ ಬಿಚ್ಚಿದೀನಿ."

ಫೋನಿನ ಆ ಕಡೆ ಅಮ್ಮನ ಧ್ವನಿ ತಿರುಗಿತು. "ನಿಲ್ಲಿಸಬೇಕಂತೆ. ನಿಮ್ಮಕ್ಕ ಏನೋ ಬಿಚ್ಚಬಾರದ್ದನ್ನ ಬಿಚ್ಚಿದಾಳಂತೆ."

ಲಾಂಡ್ರಿಯ ವ್ಯಾನ್ ಅದೇ ಆಸ್ಪತ್ರೆಗೆ ಹಾಸಿಗೆಯ ಬಟ್ಟೆ ಒಯ್ಯಲು ಸಿದ್ಧವಾಗುತ್ತಿತ್ತು. ಅಕ್ಕ ಕೇಳುವುದರೊಳಗೆ ಗಂಜಿಯಮ್ಮ ಅವಳ ಬೆನ್ನಿಗೆ ಕೈಯಿಟ್ಟು ವ್ಯಾನಿನತ್ತ ನೂಕಿದಳು. ದಾರಿಯುದ್ದಕ್ಕೂ ಅಕ್ಕ ಕಾಲಿನಿಂದ ನೆಲ ಒತ್ತುತ್ತಲೇ ಇದ್ದಳು.

"ಅಕ್ಕಾ," ಎಂದ ಡ್ರೈವರ್, "ನಿಮ್ಮ ಕಡೆ ಬ್ರೇಕೂ ಇಲ್ಲ, ಆಕ್ಸಿಲರೇಟರೂ ಇಲ್ಲ. ಕಾಲಿಗೆ ಸ್ವಲ್ಪ ರಜಾ ಕೊಡಿ."

ಬೆಟ್ಟದ ಬುಡದಲ್ಲಿ, ಮರದ ನೆರಳಲ್ಲಿ ಕಾರು ನಿಂತಿತ್ತು. ತಂಗಿ ಬಾನೆಟ್ಟಿಗೆ ಒರಗಿ ನಿಂತಿದ್ದಳು. "ಮಿಕ್ಸಿನೇ ಎಷ್ಟೋ ವಾಸಿಯಾಗಿತ್ತು," ಎಂದಳಷ್ಟೆ. ಇಬ್ಬರೂ ಸೇರಿ ಅಮ್ಮನನ್ನು ವ್ಯಾನಿಗೆ ಹತ್ತಿಸಿದರು. ಸೀಟು ಸಾಲದೆ ತಂಗಿ ಹಿಂದೆ, ಮಡಿಸಿದ ಬಟ್ಟೆಗಳ ನಡುವೆ ಕೂತಳು.

"ಸಂಜೆ ಕರ್ಕೊಂಡು ಹೋಗೋಕೆ ನೀನೇ ಬಾ," ಎಂದಳು ಅಮ್ಮ ಕಿಟಕಿಯಿಂದ.

"ಈ ಗಾಡಿಲಾ?"

"ಇನ್ಯಾವ ಗಾಡಿ ಇದೆ ನಮ್ಮ ಹತ್ತಿರ?"

ವ್ಯಾನ್ ತಿರುವಿನಲ್ಲಿ ಮರೆಯಾಗುವವರೆಗೆ ಅಕ್ಕ ನೋಡುತ್ತಿದ್ದಳು. ಆಮೇಲೆ ಬರುವಾಗ ದಾರಿಯಲ್ಲಿ ಕಂಡಿದ್ದ ಗ್ಯಾರೇಜಿಗೆ ನಡೆದು ಒಬ್ಬ ಮೆಕ್ಯಾನಿಕ್‌ನನ್ನು ಕರೆತಂದಳು. ಅವನು ಎಂಜಿನ್ನಿನ ಹೆಚ್ಚಿನ ಆಯಿಲ್ ತೆಗೆದ, ಗೇರ್ ಬಾಕ್ಸಿಗೆ ತುಂಬಿದ. ಅವನು ಮಲಗಿದ ದಿಕ್ಕಿಗೇ ತಲೆಯಿಟ್ಟು ಅಕ್ಕನೂ ಪಕ್ಕದಲ್ಲಿ ಮಲಗಿ ನೋಡಿದಳು.

"ಒಳಗೆ ಏನಾದ್ರೂ ಸವೆದಿದೆಯಾ?" ಎಂದು ಕೇಳಿದಳು.

"ತಳದಲ್ಲಿ ಸ್ವಲ್ಪ ಉಳಿದಿತ್ತು. ಅದರಲ್ಲೇ ಬಂದಿರಬೇಕು. ಸವೆದಿದೆಯೋ ಇಲ್ಲವೋ ಬಿಚ್ಚದೆ ಹೇಳೋಕಾಗಲ್ಲ. ಬಿಚ್ಚಲಾ?"

"ಬೇಡ," ಎಂದಳು ಅಕ್ಕ. ಬಿಚ್ಚುವ ಮಾತು ಅವತ್ತಿಗೆ ಸಾಕಾಗಿತ್ತು.

ಆಪರೇಷನ್ ಆಯಿತು. ಸಂಜೆ ಅಮ್ಮ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಂಗಿಯ ಕೈ ಹಿಡಿದು ಬಂದು, ಏನೂ ಕೇಳದೆ ಅದೇ ಹಿಂದಿನ ಸೀಟಿನಲ್ಲಿ ಕೂತಳು. ಬೆಟ್ಟ ಇಳಿಯುವಾಗ ಮೂರನೆಯ ಗೇರಿನಲ್ಲಿ ಸಣ್ಣದೊಂದು ಗುಂಯ್‌ ಸದ್ದು ಕೇಳಿತು.

"ಏನೋ ಸದ್ದು ಬರ್ತಿದೆ, ಅಲ್ವಾ ಅಮ್ಮ?"

"ಗಾಡಿ ಅಂದಮೇಲೆ ಸದ್ದು ಬರಲ್ವಾ? ರಸ್ತೆ ನೋಡು."

ಅಕ್ಕ ರಸ್ತೆ ನೋಡಿದಳು. ಕನ್ನಡಿಯಲ್ಲಿ ಅಮ್ಮನ ಒಂದು ಕೈ ಬಾಗಿಲ ಮೇಲಿನ ಹಿಡಿಯನ್ನು ಹಿಡಿದಿದ್ದು ಕಾಣುತ್ತಿತ್ತು.

ಕಾರು ಈಗಲೂ ಓಡುತ್ತಿದೆ. ಆ ಸದ್ದು ಮೊದಲೂ ಇತ್ತೋ, ಆ ಭಾನುವಾರದ ನಂತರ ಬಂದದ್ದೋ ಗೊತ್ತಿಲ್ಲ. ಅವತ್ತು ನಿಲ್ಲಿಸದಿದ್ದರೂ ಅದು ಬೆಟ್ಟ ದಾಟುತ್ತಿತ್ತೋ ಏನೋ, ಅದೂ ಗೊತ್ತಿಲ್ಲ. ಅಮ್ಮ ಹಿಡಿ ಹಿಡಿದದ್ದು ಭಯಕ್ಕೋ ಅಭ್ಯಾಸಕ್ಕೋ ಎಂದು ಅಕ್ಕ ಕೇಳಿಲ್ಲ. ಅಮ್ಮನೂ ಹೇಳಿಲ್ಲ.